ಹದಿನಾಲ್ಕನೆಯ ಕಲಮು

ಸದಾಶಿವರಾಯರಿಗೆ ಕಾಯದೆ ಎಂದರೆ ಊಟದ ಉಪ್ಪಿನಕಾಯಿ ಇದ್ದ ಹಾಗೆ. ಅದಿಲ್ಲದೆ ಒಂದು ತುತ್ತೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜಮಖಂಡಿ ಸಂಸ್ಥಾನದ ನ್ಯಾಯಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನಿಕೆ ಮಾಡಿದ ಮನುಷ್ಯ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಐದು ವರ್ಷವಾಗಿತ್ತು. ಕಚೇರಿ ಹೋಯಿತು, ಕಣ್ಣಿಗೆ ಪೊರೆ ಬಂತು, ಎದೆಯಲ್ಲಿ ದಮ್ಮು ಮನೆ ಮಾಡಿತು. ಆದರೂ ಯಾರಾದರೂ ಒಂದು ಅರ್ಜಿ ತಂದರೆ ಸಾಕು, ಮಲಗಿದ ಹೊರಸಿನ ಮೇಲೆ ಎದ್ದು ಕೂತು, "ಯಾವ ಕಲಮಿನ ಪ್ರಕಾರ?" ಎಂದು ಕೇಳುತ್ತಿದ್ದರು.

ಅವರ ಮಗ ಗುರುರಾಜ ಧಾರವಾಡದಲ್ಲಿ ಇತಿಹಾಸ ತೆಗೆದುಕೊಂಡು ಬಿ.ಎ. ಆನರ್ಸಿಗೆ ಸೇರಿದ ವರ್ಷ ರಾಯರ ಮುಖದ ಮೇಲೆ ಬೇರೆಯೇ ಒಂದು ಕಳೆ ಬಂದಿತ್ತು. ಅದಕ್ಕೆ ಕಾರಣವಿತ್ತು. ಅವರೂ ಒಂದು ಕಾಲಕ್ಕೆ ಪುಣೆಯಲ್ಲಿ ಇಂಟರ್ ಓದುತ್ತಿದ್ದವರೇ. ನಡು ಟರ್ಮಿನಲ್ಲಿ ಅವರ ತಂದೆ ತೀರಿಕೊಂಡರು. ಕರ್ಮ ಮಾಡಲು ಊರಿಗೆ ಬಂದರು, ಹಾಜರಿ ಕಡಿಮೆ ಬಿತ್ತು, ಟರ್ಮು ಹೋಯಿತು. ಮತ್ತೆ ಪುಣೆಯ ಕಡೆ ಮುಖ ಹಾಕುವುದು ಆಗಲೇ ಇಲ್ಲ. "ಹದಿಮೂರು ದಿನಕ್ಕಂತ ಬಂದವ ಮೂವತ್ತು ವರ್ಷ ಕೂತೆ ನೋಡು" ಎಂದು ಅವರು ಹೇಳುತ್ತಿದ್ದರು, ನಗುತ್ತಲೇ ಹೇಳುತ್ತಿದ್ದರು. ಕೇಳಿದವರಿಗೆ ಮಾತ್ರ ನಗೆ ಬರುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಶುಕ್ರವಾರ ಸಂಜೆ ಗುರುರಾಜ ಕಳಿಸಿದ ಆನರ್ಸಿನ ನಿಯಮಗಳ ಪುಸ್ತಿಕೆ ಟಪಾಲಿನಲ್ಲಿ ಬಂತು. ನೀಲಿ ರಟ್ಟಿನದು, ಇಂಗ್ಲಿಷಿನಲ್ಲಿ ಅಚ್ಚಾದದ್ದು. ಓದಿ ಕನ್ನಡದಲ್ಲಿ ಹೇಳುವ ಕೆಲಸ ಮಗಳು ಅಲಕಾಳದು. ಅವಳು ಹಿಂದಿನ ವರ್ಷವಷ್ಟೇ ಮ್ಯಾಟ್ರಿಕ್ ಪಾಸಾಗಿ ಮನೆಯಲ್ಲಿದ್ದಳು. ಅಪ್ಪನ ಕಣ್ಣೂ ಅವಳೇ, ಕೈಯೂ ಅವಳೇ.

ಇಂಟರ್ ಪರೀಕ್ಷೆಯಲ್ಲಿ ಎರಡನೆಯ ವರ್ಗ ಬಂದಿರಬೇಕು. ಮುಖ್ಯ ವಿಷಯದಲ್ಲಿ ಎಂಟು ಪತ್ರಿಕೆ, ಜೊತೆಗೆ ಒಂದು ಉಪವಿಷಯ. ಎರಡು ವರ್ಷ, ನಾಲ್ಕು ಟರ್ಮು, ನಡುವೆ ಒಂದೂ ತಪ್ಪುವಂತಿಲ್ಲ. ಪ್ರತಿ ಟರ್ಮಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಹಾಜರಿ. ಒಂದು ಟರ್ಮು ಕೆಟ್ಟರೆ ವಿದ್ಯಾರ್ಥಿಯನ್ನು ಸಾದಾ ಬಿ.ಎ.ಗೆ ಇಳಿಸತಕ್ಕದ್ದು, ಇಳಿದವನು ಮರಳಿ ಆನರ್ಸಿಗೆ ಏರತಕ್ಕದ್ದಲ್ಲ. ಅಲಕಾ ಒಂದೊಂದೇ ಕಲಮು ಓದಿ ಹೇಳಿದಂತೆ ರಾಯರು ಮೆಚ್ಚಿ ತಲೆದೂಗುತ್ತಿದ್ದರು, ಹಾಡು ಕೇಳಿದವರಂತೆ.

ಹದಿಮೂರು ಮುಗಿಯಿತು. ಅಷ್ಟರಲ್ಲಿ ತಾಯಿ ಕೃಷ್ಣಾಬಾಯಿ ದೇವರ ಮುಂದೆ ದೀಪ ಹಚ್ಚಿ ಪಡಸಾಲೆಗೆ ಬಂದಳು. "ದೀಪದ ಹೊತ್ತು ಆತು. ಅದೇನು ಓದ್ತೀಯೋ, ಒಳ್ಳೆ ಮಾತು ಓದು."

ಅಲಕಾ ಪುಟ ತಿರುಗಿಸಿದಳು. ಹದಿನಾಲ್ಕನೆಯ ಕಲಮಿನ ಮೊದಲನೆಯ ಸಾಲಿನಲ್ಲೇ ತಂದೆ ಅಥವಾ ತಾಯಿಯ ಮರಣ ಎಂಬ ಮಾತಿತ್ತು. ಶುಕ್ರವಾರ, ಮುಸ್ಸಂಜೆ, ಎದುರಿಗೆ ದೀಪ. ಹೊರಸಿನ ಮೇಲೆ ದಮ್ಮು ಹಿಡಿದ ಅಪ್ಪ. ಅಂಥ ಮಾತನ್ನು ಯಾವ ಮಗಳು ಬಾಯಿಬಿಟ್ಟು ಓದಿಯಾಳು? ಅವಳ ಕಣ್ಣು ಆ ಸಾಲನ್ನು ಮುಟ್ಟಿ, ಕೆಂಡ ಮುಟ್ಟಿದ ಬೆರಳಿನಂತೆ ಹಿಂದೆ ಬಂತು. ಉಳಿದ ಸಾಲುಗಳನ್ನು ಅವಳು ಓದಲೂ ಇಲ್ಲ.

"ಹದಿನೈದು," ಎಂದಳು.

"ಹದಿನಾಲ್ಕು?" ರಾಯರ ಕಣ್ಣು ಹೋಗಿದ್ದರೂ ಎಣಿಕೆ ಹೋಗಿರಲಿಲ್ಲ.

"ಅದರಾಗ ನಮಗ ಸಂಬಂಧಪಟ್ಟದ್ದು ಏನೂ ಇಲ್ಲಪ್ಪಾ."

ಅವರು ನಂಬಿದರು. ಹದಿನೈದನೆಯದು, ಹಾಜರಿಯ ವಿಷಯದಲ್ಲಿ ಸುಳ್ಳು ಕಾಗದ ಕೊಟ್ಟವನನ್ನು ಆನರ್ಸಿನಿಂದ ತೆಗೆದುಹಾಕತಕ್ಕದ್ದು ಎಂದಿತ್ತು. "ಭಾಳ ಛಲೋ ಕಲಮು," ಎಂದು ರಾಯರು ತೊಡೆ ತಟ್ಟಿದರು. "ಕಲಮು ಅಂದ್ರ ಹಿಂಗ ಇರಬೇಕು. ಹೊಡದ್ರ ಎರಡು ತುಂಡು."

ಪ್ರತಿ ಗುರುವಾರ ಮಗನಿಗೆ ಒಂದು ಕಾರ್ಡು ಹೋಗಬೇಕು. ಅದು ಆ ಮನೆಯ ಕಾಯದೆ. ರಾಯರು ಹೇಳುವುದು, ಅಲಕಾ ಬರೆಯುವುದು. ಮೇಲೆ ನಡುವಿನಲ್ಲಿ ಶ್ರೀಕಾರ, ಕೆಳಗೆ ಆಶೀರ್ವಾದ. ಕಡೆಗೆ ಅಲಕಾ ಅಪ್ಪನ ಬೆರಳು ಹಿಡಿದು ಕಾರ್ಡಿನ ಮೂಲೆಗೆ ತಂದು ಬಿಟ್ಟರೆ ಅವರೇ ಸಹಿ ಹಾಕುತ್ತಿದ್ದರು. ಕಾಣದ ಕಣ್ಣಿನ ಸಹಿ. ಮೊದಲನೆಯ ಅಕ್ಷರ ಮೇಲೆ, ಕಡೆಯದು ಕಾರ್ಡಿನಿಂದ ಹೊರಗೆ ಬೀಳುವಂತೆ. ಕಾರ್ಡಿನಲ್ಲಿ ಇರುತ್ತಿದ್ದುದು ಬರೀ ಉಪದೇಶ. ಇಷ್ಟು ಓದು, ಅಷ್ಟು ಬರಿ, ಹಾಜರಿ ತಪ್ಪಿಸಬೇಡ. ಮಗನನ್ನು ಹೊಗಳಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವರ ಪೈಕಿ ಅವರು. ಇಡೀ ಜನ್ಮದಲ್ಲಿ ಗುರುರಾಜನಿಗೆ ಒಂದು ಶಹಬ್ಬಾಸ್ ಸಿಕ್ಕಿದ್ದಿಲ್ಲ.

ಜುಲೈಯಲ್ಲಿ ಗುರುರಾಜನಿಗೆ ವಿಷಮಜ್ವರ ಬಂತು. ಊರಿಗೆ ಬಂದು ಹದಿನೆಂಟು ದಿನ ಹಾಸಿಗೆ ಹಿಡಿದ. ಡಾಕ್ಟರರ ಸರ್ಟಿಫಿಕೇಟಿಗೆ ಎಷ್ಟು ರಿಯಾಯತಿ ಸಿಗಬೇಕೋ ಅಷ್ಟು ಸಿಕ್ಕಿತು. ರಾಯರು ಬೆರಳು ಮಡಿಚಿ ಎಣಿಸಿ ಹೇಳಿದರು: "ಇನ್ನ ಮೂರು ದಿನ. ಅಕ್ಟೋಬರ್ ಹತ್ತರ ತನಕಾ ಮೂರು ದಿನ ತಪ್ಪಬಹುದು. ನಾಕನೇದು ತಪ್ಪಿದ್ರ ಆನರ್ಸ್ ಹೋತು."

ಆ ಮೂರು ದಿನಗಳ ಲೆಕ್ಕವೇ ಮುಂದೆ ಆ ಮನೆಯನ್ನು ಆಳಿತು.

ಆಗಸ್ಟ್ ಇಪ್ಪತ್ತಾರು, ಬುಧವಾರ. ರಾಯರ ದಮ್ಮು ಬೆಳಗಿನಿಂದ ಏರಿತ್ತು. ಮುಧೋಳದಿಂದ ಅವರ ತಮ್ಮ ನಾರಾಯಣ ಮಧ್ಯಾಹ್ನದ ಬಸ್ಸಿಗೆ ಬಂದಿಳಿದ. ರಾಯರು ತಮ್ಮನನ್ನೂ ಹೆಂಡತಿಯನ್ನೂ ಮಗಳನ್ನೂ ಹತ್ತಿರ ಕರೆದರು. ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು.

"ನನಗ ಏನರೆ ಆದ್ರ ಗುರೂಗ ತಿಳಿಸಬ್ಯಾಡ್ರಿ. ಟರ್ಮು ಮುಗೀಲಿ, ಆಮ್ಯಾಲೆ ತಿಳಿಸ್ರಿ."

"ಅಣ್ಣಾ, ಇದೇನು ಮಾತು? ಮಗ ಇದ್ದೂ ಇಲ್ಲದ್ಹಂಗ..." ಎಂದ ನಾರಾಯಣ.

"ಬಂದ್ರ ಹದಿಮೂರು ದಿನ. ಅವನ ಕಡೆ ಇರೋದು ಮೂರು. ನನಗ ಆಗಿದ್ದು ಅವಗ ಆಗಬಾರದು." ತುಳಸಿದಳ ತರಿಸಿ ತಮ್ಮನ ಕೈಯಲ್ಲಿ ಹಾಕಿಸಿ ಭಾಷೆ ತೆಗೆದುಕೊಂಡರು. ಆಮೇಲೆ ಅಲಕಾಳ ಕಡೆ ಮುಖ ತಿರುಗಿಸಿದರು. "ಗುರುವಾರದ ಕಾರ್ಡು ನಿಲ್ಲಬಾರದು. ನಿಂತ್ರ ಅವಗ ಗೊತ್ತಾಗ್ತದ."

ಅಲಕಾಳ ಬಾಯಿಯ ತನಕ ಒಂದು ಮಾತು ಬಂತು. ಅಪ್ಪಾ, ಹದಿನಾಲ್ಕನೆಯ ಕಲಮಿನಲ್ಲಿ ಏನೋ ಇದೆ ಎಂದು. ಆದರೆ ಏನಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಸಾಯುತ್ತಿರುವವರ ಮುಂದೆ ಸಾವಿನ ಕಲಮು ತೆಗೆಯುವುದು ಹೇಗೆ? ಬಂದ ಮಾತು ಬಿಟ್ಟು ಅಪ್ಪನ ಎದೆ ನೀವತೊಡಗಿದಳು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತಾರಲ್ಲ, ಹಾಗಾಯಿತು.

ಗುರುವಾರ ನಸುಕಿನಲ್ಲಿ ರಾಯರು ಹೋದರು. ಕೊಳ್ಳಿ ಇಟ್ಟವನು ನಾರಾಯಣ. ಪುರೋಹಿತರು ಪಂಚಾಂಗ ಮುಚ್ಚಿ ಹೇಳಿದರು: "ತಂದಿ-ತಾಯಿ ಸುದ್ದಿ ಮಗ ಎಂದ ಕೇಳಲಿ, ಕೇಳಿದ ದಿನದಿಂದ ಅವಗ ಹತ್ತು ದಿನ ಸೂತಕ. ಕೇಳೋ ತನಕಾ ಇಲ್ಲ. ಶಾಸ್ತ್ರದ ಅಡ್ಡಿ ಇಲ್ಲ." ಶಾಸ್ತ್ರದ ಅಡ್ಡಿ ಇರಲಿಲ್ಲ, ಆನರ್ಸಿನ ಅಡ್ಡಿಯೂ ಇರಲಿಲ್ಲ. ಧಾರವಾಡದಲ್ಲಿ ಓದುತ್ತಿದ್ದ ಊರಿನ ಇನ್ನಿಬ್ಬರು ಹುಡುಗರ ಮನೆಗೂ ನಾರಾಯಣ ಹೋಗಿ, ಈ ಸುದ್ದಿ ಬರೆಯಬೇಡಿರೆಂದು ಕೈಮುಗಿದು ಬಂದ.

ಅಂದು ಸಂಜೆ, ಮನೆಯಲ್ಲಿ ಒಲೆ ಹೊತ್ತಿಸದ ಹೊತ್ತಿನಲ್ಲಿ, ಅಲಕಾ ಕಾರ್ಡು ತೆಗೆದುಕೊಂಡು ಕೂತಳು. ಉಪದೇಶದ ಮಾತುಗಳೆಲ್ಲ ಅವಳಿಗೆ ಬಾಯಿಪಾಠ. ಕೈ ತಾನಾಗಿ ಓಡಿತು. ನಿಂತದ್ದು ಸಹಿಯ ಹತ್ತಿರ. ಎರಡು ಸಲ ಹಾಳೆಯ ಮೇಲೆ ಬರೆದು ನೋಡಿದಳು, ಕಣ್ಣಿದ್ದವರ ಸಹಿಯಾಯಿತು. ಕಡೆಗೆ ಕಣ್ಣು ಮುಚ್ಚಿಕೊಂಡು ಬರೆದಳು. ತೆರೆದು ನೋಡಿದರೆ ಮೊದಲನೆಯ ಅಕ್ಷರ ಮೇಲೆ, ಕಡೆಯದು ಬೀಳುವಂತೆ. ಅಪ್ಪನೇ ಬಂದು ಹಾಕಿ ಹೋದಂತಿತ್ತು.

ವಾರ ತುಂಬುವುದರೊಳಗೆ ಗುರುರಾಜನ ಉತ್ತರ ಬಂತು. "ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ. ಈ ಸಲದ ಕಾರ್ಡಿನ ಮೇಲೆ ಶ್ರೀಕಾರವಿರಲಿಲ್ಲ. ನೋಡಿ ಎದೆ ಧಸಕ್ಕೆಂದಿತು. ಎಲ್ಲರೂ ಕ್ಷೇಮವಷ್ಟೆ?"

ಸೂತಕದ ಮನೆಯಿಂದ ಹೋಗುವ ಕಾಗದಕ್ಕೆ ಶ್ರೀಕಾರ ಬರೆಯುವುದಿಲ್ಲ. ಅಲಕಾ ಬೇಕೆಂದು ಬಿಟ್ಟದ್ದಲ್ಲ. ಹುಟ್ಟಿದಾಗಿನಿಂದ ನೋಡಿದ ರೂಢಿ, ಕೈಯೇ ಬಿಟ್ಟುಬಿಟ್ಟಿತ್ತು. ಕಾರ್ಡಿನ ಮಾತು ಸುಳ್ಳು ಹೇಳಿತ್ತು, ಕೈ ಸತ್ಯ ಹೇಳಿತ್ತು. ಮುಂದಿನ ಕಾರ್ಡಿನಲ್ಲಿ, "ಶ್ರೀಕಾರ ಮರೆತದ್ದು ಅಲಕಾಳ ಗಡಿಬಿಡಿ, ಬೈದಿದ್ದೇನೆ" ಎಂದು ಬರೆದು, ಮೇಲೆ ದಪ್ಪನಾಗಿ ಶ್ರೀ ಬರೆದಳು. ಅಪ್ಪ ಹೋಗಿ ಹದಿಮೂರು ದಿನ ಕಳೆದಿರಲಿಲ್ಲ.

ಟಪಾಲಿನ ಯಮನಪ್ಪ ಹುನ್ನೂರಿನವನು. ವಾರಕ್ಕೊಮ್ಮೆ ಬಂದು ಸದಾಶಿವರಾಯರ ಹೆಸರಿನ ಪತ್ರ ಕಟ್ಟೆಯ ಮೇಲೆ ಇಡುತ್ತಿದ್ದ. ಮೊದಲಿನಂತೆ ಕೈಯಲ್ಲಿ ಕೊಡುತ್ತಿರಲಿಲ್ಲ. "ಸತ್ತವರ ಹೆಸರಿಗೆ ಬಂದ ಟಪಾಲು ತಿರುಗಿ ಕಳಸಬೇಕಂತ ಖಾಯದೆ ಐತ್ರಿ ಅಕ್ಕಾರ," ಎಂದ ಒಂದು ದಿನ. "ರಾಯರ ಉಪ್ಪು ತಿಂದೇನಿ ಅಂತ ಕೊಡಾಕತ್ತೇನ್ರಿ. ಆದ್ರ ನನಗ ಛಲೋ ಅನಸವಲ್ದು."

ಗಣೇಶ ಚವತಿ ಬಂತು. ಆ ಮನೆಗೆ ಆ ವರ್ಷ ಹಬ್ಬವಿಲ್ಲ. ಕೃಷ್ಣಾಬಾಯಿ ಹಣೆ ಬರಿದು ಮಾಡಿಕೊಂಡು ಒಳಗಿನ ಕೋಣೆಯಲ್ಲಿ ಕೂತಿದ್ದಳು, ಅಲಕಾ ಪಡಸಾಲೆಯಲ್ಲಿ ಕೂತು, "ಗಣಪತಿ ಚೆನ್ನಾಗಿ ಆಯಿತು. ನಿನ್ನ ತಾಯಿ ಇಪ್ಪತ್ತೊಂದು ಕಡುಬು ಮಾಡಿದ್ದಳು" ಎಂದು ಬರೆದಳು. ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಬೇಕು ಎನ್ನುತ್ತಾರೆ. ಇಲ್ಲಿ ಇಪ್ಪತ್ತೊಂದು ಕಡುಬೂ ಬೇಕಾದವು. ಅಳು ಬಂದರೆ ಶಾಯಿ ಕದಡೀತೆಂದು ಅವಳು ಅಳಲೂ ಇಲ್ಲ.

ನೀಲಿ ಪುಸ್ತಿಕೆ ಗೂಡಿನಲ್ಲಿತ್ತು. ದಿನಕ್ಕೊಮ್ಮೆ ಅದರ ಮೇಲೆ ಕಣ್ಣು ಹೋಗುತ್ತಿತ್ತು. ಒಂದು ಸಲ ಕೈಗೆ ತೆಗೆದುಕೊಂಡಳು; ತೆಗೆದುಕೊಂಡ ಹಾಗೆಯೇ ಇಟ್ಟಳು. ಓದಬಾರದ ಸಾಲನ್ನು ಅಂದು ಕಣ್ಣು ಮುಟ್ಟಿದ್ದಕ್ಕೇ ಹೀಗಾಯಿತೆಂಬ ಒಂದು ಹುಚ್ಚು ಅಂಜಿಕೆ ಅವಳನ್ನು ಹಿಡಿದಿತ್ತು. ಮ್ಯಾಟ್ರಿಕ್ ಪಾಸಾದರೇನು, ಅಂಜಿಕೆಗೆ ಪಾಸು-ನಪಾಸು ಇಲ್ಲ.

ಸೆಪ್ಟೆಂಬರ್ ಹದಿನಾರಕ್ಕೆ ಗುರುರಾಜನ ಪತ್ರ: "ಸ್ವಲ್ಪ ಜ್ವರವಿದೆ. ಆದರೂ ಕಾಲೇಜಿಗೆ ಹೋಗುತ್ತಿದ್ದೇನೆ. ಚಿಂತೆ ಮಾಡಬೇಡಿರಿ."

ಮರುದಿನ ಗುರುವಾರ. ಅಪ್ಪನಿದ್ದಿದ್ದರೆ ಏನು ಬರೆಸುತ್ತಿದ್ದರೆಂದು ಅಲಕಾಳಿಗೆ ಚೆನ್ನಾಗಿ ಗೊತ್ತಿತ್ತು. ಕಷಾಯ ಕುಡಿ, ಕಾಲೇಜಿಗೆ ಹೋಗು. ಆದರೆ ಅವಳ ಮನಸ್ಸಿಗೆ ಕಂಡದ್ದು ಜುಲೈಯಲ್ಲಿ ಎಲುಬು ಎದ್ದ ಅಣ್ಣನ ಮುಖ. ಅಪ್ಪ ಹೋದರು, ಇನ್ನು ಇವನೊಬ್ಬನೇ. ಮೂರು ದಿನ ಕೈಯಲ್ಲಿ ಇವೆಯಲ್ಲ ಎಂದುಕೊಂಡು ಬರೆದಳು: "ದೇಹಕ್ಕಿಂತ ಹೆಚ್ಚಿನದು ಯಾವುದೂ ಇಲ್ಲ. ಎರಡು ದಿನ ಕಾಲೇಜು ಬಿಟ್ಟು ಮಲಗು." ಅಷ್ಟಕ್ಕೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಕಾರ್ಡಿನಲ್ಲಿ ಒಂದು ಸಾಲಿಗೆ ಜಾಗವಿತ್ತು. "ನೀನು ನನ್ನ ಮಗನೆಂದು ಹೇಳಿಕೊಳ್ಳಲು ನನಗೆ ಅಭಿಮಾನವಾಗುತ್ತದೆ." ಕಣ್ಣು ಮುಚ್ಚಿ ಸಹಿ ಹಾಕಿದಳು.

ಮುಂದಿನ ಗುರುವಾರ, ಸೆಪ್ಟೆಂಬರ್ ಇಪ್ಪತ್ತನಾಲ್ಕು, ಬೆಳಿಗ್ಗೆಯೇ ಯಮನಪ್ಪ ಬಂದ. ಈ ಸಲ ಕಾರ್ಡಲ್ಲ, ಪಾಕೀಟು. ಅಲಕಾ ನಿಂತೇ ಓದಿದಳು.

"ತಮ್ಮ ಹದಿನೇಳರ ಕಾರ್ಡು ತಲುಪಿತು. ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ತಮ್ಮ ಆಜ್ಞೆಯಂತೆ ಶನಿವಾರ, ಸೋಮವಾರ ಎರಡು ದಿನ ಮಲಗಿದೆ. ಆದರೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ತಿಂಗಳ ಆರಂಭದಲ್ಲಿಯೂ ಜ್ವರದಿಂದ ಎರಡು ದಿನ ತಪ್ಪಿತ್ತು. ತಾವು ಬೈಯುತ್ತೀರೆಂದು ಬರೆದಿರಲಿಲ್ಲ. ಈಗ ಒಟ್ಟು ನಾಲ್ಕಾಯಿತು. ಒಂದು ದಿನ ಕಡಿಮೆ ಬಿದ್ದಿದೆ. ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟಿದ್ದೇನೆ. ನನ್ನ ಜ್ವರದ ವಿಷಯ ತಂದೆಯವರಿಗೆ ತಿಳಿದಿದೆ ಎಂಬುದಕ್ಕೆ ತಮ್ಮ ಕಾರ್ಡನ್ನು ಲಗತ್ತಿಸಿದ್ದೇನೆ. ಶುಕ್ರವಾರ ಕರೆದಿದ್ದಾರೆ. ಆಶೀರ್ವಾದವಿರಲಿ."

ಒಂದು ದಿನ. ಎರಡು ದಿನ ಮಲಗು ಎಂದವಳು ತಾನೇ. ಅಲಕಾ ಒಳಗೆ ಹೋಗಿ ಗೂಡಿನಿಂದ ನೀಲಿ ಪುಸ್ತಿಕೆ ತೆಗೆದಳು. ಈಗ ಅಂಜಲು ಏನೂ ಉಳಿದಿರಲಿಲ್ಲ. ಹದಿನಾಲ್ಕನೆಯ ಕಲಮನ್ನು ಮೊದಲಿನಿಂದ ಕಡೆಯ ತನಕ ಓದಿದಳು.

ಟರ್ಮಿನ ಒಳಗೆ ವಿದ್ಯಾರ್ಥಿಯ ತಂದೆ ಅಥವಾ ತಾಯಿಯ ಮರಣವಾದರೆ ಹದಿನೈದು ದಿನಗಳ ಹಾಜರಿಯನ್ನು ಕಾಲೇಜೇ ತುಂಬಿ ಕೊಡತಕ್ಕದ್ದು. ಮರಣದ ದಿನದಿಂದ ಮೂವತ್ತು ದಿನಗಳೊಳಗೆ ಅರ್ಜಿ ಬರತಕ್ಕದ್ದು.

ಹದಿನೈದು ದಿನ! ಅವಳು ಎರಡನೆಯ ಸಲ ಓದಿದಳು. ಅಕ್ಷರ ಬದಲಾಗಲಿಲ್ಲ. ಅಂದು ದೀಪದ ಮುಂದೆ ಈ ಮೂರು ಸಾಲು ಓದಿದ್ದರೆ ಅಪ್ಪ ತುಳಸಿದಳ ತರಿಸುತ್ತಿರಲಿಲ್ಲ. ಗುರುರಾಜ ಬರುತ್ತಿದ್ದ, ಅಪ್ಪನ ಮುಖ ನೋಡುತ್ತಿದ್ದ, ಕೊಳ್ಳಿ ಇಡುತ್ತಿದ್ದ, ಹದಿಮೂರು ದಿನ ಕೂತು ತಿರುಗಿ ಹೋಗುತ್ತಿದ್ದ. ಆನರ್ಸಿನ ಒಂದು ಕೂದಲೂ ಕೊಂಕುತ್ತಿರಲಿಲ್ಲ.

ಅವಳು ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. "ಒಳ್ಳೆ ಮಾತು ಓದು ಅಂತ ನಾನಽ ಅಂದಿದ್ದೆ," ಎಂದಳು ಕೃಷ್ಣಾಬಾಯಿ. "ಇದಕ್ಕಿಂತ ಒಳ್ಳೆ ಮಾತು ಆ ಪುಸ್ತಕದಾಗ ಇದ್ದಿದ್ದಿಲ್ಲ."

"ಇವತ್ತಿಗೆ ಇಪ್ಪತ್ತೆಂಟು ದಿನ ಅವ್ವಾ. ಇನ್ನೂ ಎರಡು ದಿನ ಅದಾವ. ತಾರು ಕೊಡ್ತೀನಿ."

"ಭಾಷಾ ಕೊಟ್ಟೇವಲ್ಲೇ. ನಿಮ್ಮ ಕಾಕಾ ಬರಲಿ, ಕೇಳೋಣ."

"ಕಾಕಾ ಬರೋದ್ರಾಗ ಕಲಮು ತೀರ್ತದ."

ಅಲಕಾ ಸೆರಗು ಹೊದ್ದು, ಟೆಲಿಗ್ರಾಮು ಕೊಡಲು ಒಬ್ಬಳೇ ತಾರು ಕಚೇರಿಗೆ ನಡೆದಳು. ಅಪ್ಪ ಆಗಸ್ಟ್ ಇಪ್ಪತ್ತೇಳಕ್ಕೆ ತೀರಿಕೊಂಡರು, ಹದಿನಾಲ್ಕನೆಯ ಕಲಮು ತೋರಿಸು ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆದು ಕೊಟ್ಟಳು. ಅಪ್ಪನ ಸಾವನ್ನು ಅಣ್ಣನಿಗೆ ಇಷ್ಟು ಮೋಟಾಗಿ ತಿಳಿಸಬೇಕಾಯಿತಲ್ಲ ಎಂದು ಆಗ ಅವಳಿಗೆ ಮೊದಲ ಸಲ ಕಣ್ಣೀರು ಬಂತು. ಪೋಸ್ಟ್ ಮಾಸ್ತರರು ಕನ್ನಡಕದ ಮೇಲಿನಿಂದ ಅವಳನ್ನೊಮ್ಮೆ ನೋಡಿ, ಏನೂ ಕೇಳದೆ ತಾರಿನ ಯಂತ್ರವನ್ನು ಕಟ್ಟಕಡ ಬಡಿಯತೊಡಗಿದರು.

ಹೊರಗೆ ಯಮನಪ್ಪ ಚೀಲ ಬಿಗಿಯುತ್ತಿದ್ದ. ತಾರಿನ ಸದ್ದು ಕೇಳಿದ್ದ, ಅವಳ ಮುಖ ನೋಡಿದ, ತಿಳಿಯಿತು. "ಕಡೀಕ ಹೇಳಿದ್ರಿ, ಛಲೋ ಆತು," ಎಂದ. ಆಮೇಲೆ ಚೀಲದ ಬಾಯಿ ಕಟ್ಟುತ್ತ ತನಗೆ ತಾನೇ ಎಂಬಂತೆ ಹೇಳಿದ: "ಆದ್ರ ಅಕ್ಕಾರ, ರಾಯರ ಕಾರ್ಡೂ ಅಲ್ಲೇ ಹೋಗ್ಯಾವು, ಈ ತಾರೂ ಅಲ್ಲೇ ಹೋತು. ಎರಡೂ ಒಂದ ಕಡೆ ಕೂಡಿದ್ರ ಹೆಂಗ್ರಿ?"

ಅಲಕಾ ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಂತಳು. ಅರ್ಜಿಗೆ ಲಗತ್ತಿಸಿದ ಕಾರ್ಡು. ಸೆಪ್ಟೆಂಬರ್ ಹದಿನೇಳರ ಕಾರ್ಡು. ಆಗಸ್ಟ್ ಇಪ್ಪತ್ತೇಳಕ್ಕೆ ತೀರಿಕೊಂಡ ಅಪ್ಪ.

ಅವಳು ತಿರುಗಿ ಓಡಿದಳು. ಮಾಸ್ತರರು ಯಂತ್ರದಿಂದ ಕೈ ತೆಗೆದಿದ್ದರು. "ಹೋತಲ್ಲಮ್ಮ," ಎಂದರು.

ಅಂದಿನಿಂದ ಮೂರು ದಿನ ತಾಯಿ-ಮಗಳು ಬಾಗಿಲ ಕಡೆ ಕಿವಿ ಕೊಟ್ಟು ಕಳೆದರು. ಹದಿನೈದನೆಯ ಕಲಮನ್ನು ಅಲಕಾ ಮತ್ತೆ ತೆರೆದು ನೋಡಬೇಕಾದ್ದಿರಲಿಲ್ಲ. ಅಪ್ಪ ತೊಡೆ ತಟ್ಟಿದ ಸಪ್ಪಳ ಅವಳ ಕಿವಿಯಲ್ಲೇ ಇತ್ತು. ಹೊಡದ್ರ ಎರಡು ತುಂಡು.

ಗುರುರಾಜ ಭಾನುವಾರ ಮಧ್ಯಾಹ್ನ ಬಂದ. ಬರಿಗಾಲು, ಬರಿ ಹಣೆ. ಬಾಗಿಲಲ್ಲಿ ನಿಂತ ತಾಯಿಯ ಮುಖ ನೋಡಿದವನೇ ಕಟ್ಟೆಯ ಮೇಲೆ ಕುಸಿದು, ಹಣೆ ಹಣೆ ಬಡಿದುಕೊಂಡು ಅತ್ತ. ಕೃಷ್ಣಾಬಾಯಿ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, "ಅವರ ಮಾತಪ್ಪಾ, ಅವರ ಮಾತು" ಎಂಬುದೊಂದನ್ನೇ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದವನು ಪಡಸಾಲೆಯ ಚಾಪೆಯ ಮೇಲೆ, ಅಪ್ಪನ ಖಾಲಿ ಹೊರಸಿನ ಎದುರಿಗೆ ಕೂತ. ಅಲಕಾ ಹತ್ತಿರ ಬಂದು ಕಂಬಕ್ಕೆ ಆತು ನಿಂತಳು. ಅವನೇ ಆರಂಭಿಸಿದ.

"ಪ್ರಿನ್ಸಿಪಾಲರು ಕೆಟ್ಟವರಲ್ಲ. ತಾರು ನೋಡಿ ಎದ್ದು ನಿಂತರು. ಹದಿನಾಲ್ಕನೇ ಕಲಮು ಅದ, ಏನೂ ಚಿಂತಿ ಮಾಡಬ್ಯಾಡ ಅಂದ್ರು. ಆಮ್ಯಾಲೆ ಅರ್ಜಿ ತೆಗದ್ರು. ಕಾರ್ಡು ಒಂದು ಕೈಯಾಗ, ತಾರು ಒಂದು ಕೈಯಾಗ ಹಿಡಕೊಂಡು ತಾರೀಖು ನೋಡಿದ್ರು. ನಿಮ್ಮ ತಂದಿ ಹೋಗಿ ಮೂರು ವಾರ ಆದ ಮ್ಯಾಲೆ ಪತ್ರ ಬರದ್ರೇನಪ್ಪಾ ಅಂತ ಕೇಳಿದ್ರು."

"ಅಣ್ಣಾ..."

"ನನಗ ಅಲ್ಲೇ ತಿಳೀತು. ಶ್ರೀಕಾರ ಇಲ್ಲದ ಕಾರ್ಡು ಬಂದ ದಿನಾನೇ ತಿಳೀಬೇಕಿತ್ತು." ಅವನು ಚಾಪೆಯ ಎಳೆ ಕೀಳುತ್ತಿದ್ದ. "ಇದು ಖೋಟಾ ಸಹಿ, ಮಾಡಿದವರ ಹೆಸರು ಬರದು ಕೊಡು, ಅವರ ಮ್ಯಾಲೆ ವಿಚಾರಣಿ ಆಗ್ತದ, ನಿನ್ನ ಟರ್ಮು ಉಳೀತದ ಅಂದ್ರು."

"ಬರದು ಕೊಡಬೇಕಾಗಿತ್ತು. ನನ್ನ ಹೆಸರು ಬರದು ಕೊಡಬೇಕಾಗಿತ್ತು ಅಣ್ಣಾ!"

"ನಾನಽ ಮಾಡಿದ್ದು ಅಂತ ಬರದು ಕೊಟ್ಟೆ."

ಅಲಕಾ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅವರಿಗೆ ನಂಬಿಕಿ ಬರಲಿಲ್ಲ ಅಂತ ಕಾಣಸ್ತದ. ಎರಡು ಸಲ ಕೇಳಿದ್ರು. ಎರಡು ಸಲಾನೂ ಅದನ್ನಽ ಹೇಳಿದೆ. ಕೆಂಪು ಶಾಯಿಲೆ ಹದಿನೈದು ಅಂತ ಬರದು ಸಹಿ ಮಾಡಿದ್ರು. ದೀಪಾವಳಿ ಆದ ಮ್ಯಾಲೆ ಸಾದಾ ಬಿ.ಎ. ಕ್ಲಾಸಿನ್ಯಾಗ ಕೂಡಬೇಕಂತ."

ಹೊರಗೆ ಯಾರದೋ ಬಂಡಿ ಗಡಗಡ ಸದ್ದು ಮಾಡುತ್ತ ಹೋಯಿತು. ಒಳಗೆ ಕೃಷ್ಣಾಬಾಯಿ ನೀರಿನ ಕೊಡ ಇಳಿಸಿದ ಸಪ್ಪಳವಾಯಿತು. ಅಪ್ಪ ಹೊರಸಿನ ಮೇಲೆ ಇದ್ದಿದ್ದರೆ ಕಲಮು ಸರಿಯಾಗಿಯೇ ನಡೆದಿದೆ ಎಂದು ಒಪ್ಪುತ್ತಿದ್ದರು. ಆ ವಿಚಾರ ಬಂದು ಅಲಕಾಳಿಗೆ ಸಾಯುವಷ್ಟು ದುಃಖವಾಯಿತು.

ಗುರುರಾಜ ಎದ್ದು ತನ್ನ ಟ್ರಂಕಿನಿಂದ ದಾರ ಕಟ್ಟಿದ ಕಾರ್ಡುಗಳ ಕಟ್ಟು ತಂದ. ಜೂನಿನಿಂದ ಬಂದವೆಲ್ಲ ಇದ್ದವು. ದಾರ ಬಿಚ್ಚಿ ಚಾಪೆಯ ಮೇಲೆ ಹರವಿದ. ಎಲ್ಲದರ ಮೇಲೂ ಒಂದೇ ಕೈ, ಎಲ್ಲದರ ಮೂಲೆಯಲ್ಲೂ ಆ ಬೀಳುವ ಸಹಿ.

"ಇದರಾಗ ಅಪ್ಪನವು ಯಾವು, ಆರಿಸಿ ಕೊಡು."

ಅಲಕಾ ಕೂತು ಆರಿಸಿದಳು. ಶ್ರೀಕಾರವಿಲ್ಲದ್ದನ್ನು ತೆಗೆದು ಬದಿಗಿಟ್ಟಳು. ಅದರ ಮುಂದಿನದನ್ನು, ಕಡುಬಿನ ಕಾರ್ಡನ್ನು ಬದಿಗಿಟ್ಟಳು. ಉಳಿದವನ್ನು ಜೋಡಿಸಿ ಅಣ್ಣನ ಕೈಗೆ ಕೊಟ್ಟಳು. ಓದು, ಬರಿ, ಹಾಜರಿ ತಪ್ಪಿಸಬೇಡ. ಅವನು ಒಂದೊಂದಾಗಿ ತಿರುವಿ ನೋಡಿದ.

"ಹದಿನೇಳರ ಕಾರ್ಡು ಕಾಲೇಜಿನ್ಯಾಗ ಉಳೀತು," ಎಂದ. "ಕಡೀಗೆ ಒಂದು ಸಾಲು ಇತ್ತಲ್ಲ, ಅಭಿಮಾನ ಅಂತ. ಜ್ವರದಾಗ ಆ ಕಾರ್ಡು ತಲಿದಿಂಬಿನ ಬುಡಕ ಇಟಗೊಂಡು ಮಲಗಿದ್ದೆ." ಅವನು ತಲೆ ಎತ್ತಲಿಲ್ಲ. "ಅದೊಂದು ಮಾತು ಅಪ್ಪಂದಽ? ಯಾವಾಗರೆ ಅಂದಿದ್ರೇನು?"

ಇನ್ನು ಸುಳ್ಳು ಹೇಳುವುದಿಲ್ಲವೆಂದು ಅಲಕಾ ತಾರು ಕಚೇರಿಯ ಮೆಟ್ಟಿಲ ಮೇಲೆ ದೇವರಾಣೆ ಮಾಡಿಕೊಂಡಿದ್ದಳು.

"ಅಂದಿದ್ರು," ಎಂದಳು. "ಬುಧವಾರ. ಉಸಿರು ಕಟ್ಟಾಕ ಹತ್ತಿದಾಗ. ನನ್ನ ಕೈ ಹಿಡಕೊಂಡು ಅಂದಿದ್ರು."

ಗುರುರಾಜ ಮುಖ ಎತ್ತಿ ತಂಗಿಯನ್ನು ನೋಡಿದ. ಸುಳ್ಳು ಎಂಬುದು ಅವನಿಗೆ ತಿಳಿಯಿತು. ತಿಳಿಯಿತೆಂಬುದು ಅವಳಿಗೂ ಕಂಡಿತು.

"ಹಂಗಂದ್ರ ಆತು ಬಿಡು," ಎಂದು ಅವನು ಕಾರ್ಡುಗಳಿಗೆ ದಾರ ಸುತ್ತತೊಡಗಿದ. ಬದಿಗಿಟ್ಟವನ್ನೂ ಎತ್ತಿಕೊಂಡು ಅದೇ ಕಟ್ಟಿನಲ್ಲಿ ಸೇರಿಸಿ ಕಟ್ಟಿದ.